ಟೈಲರ್ ಮರಿಸ್ವಾಮಿಯ ಮೂರನೇ ತುಂಡು

ನಮ್ಮೂರಿನಲ್ಲಿ ಬೀಗ ಮಾರುವ ಅಂಗಡಿ ಇಲ್ಲ. ಹೊರಗಿನಿಂದ ಬಂದವರು ಅದಕ್ಕೆ ಬೆರಗಾಗುತ್ತಾರೆ. ನಮಗೆ ಬೀಗ ಕಂಡರೆ ಬೆರಗು. ಬಾಗಿಲಲ್ಲಿ ನಿಮ್ಮ ಪಾಲಿನ ಮರದ ತುಂಡು ಬಿಗಿಯಾಗಿ ಕೂತಿದ್ದರೆ, ಅಂಗೈ ಇಟ್ಟ ಕೂಡಲೇ ಬಾಗಿಲು ತೆರೆಯುತ್ತದೆ. ಕೂತಿಲ್ಲವೋ, ನೀವು ಆ ಮನೆಯ ಯಜಮಾನರೇ ಆಗಿದ್ದರೂ ಜಗಲಿಯೇ ಗತಿ. ಹಿತ್ತಿಲ ಬಾಗಿಲೂ ಮುಂಬಾಗಿಲಿನ ಮಾತನ್ನೇ ಕೇಳುತ್ತದೆ, ಆ ಕಡೆಯಿಂದ ನುಸುಳೋಣ ಎಂಬ ಆಸೆ ಬೇಡ.

ತುಂಡು ಕೂರಿಸುವುದಕ್ಕೆ ಒಂದು ಕ್ರಮವಿದೆ. ಸೊಸೆಯೋ, ಅಳಿಯನೋ, ಬಾಡಿಗೆಗೆ ಬಂದವರೋ, ಹೊಸಬರು ತಮ್ಮ ತುಂಡನ್ನು ತಾವೇ ಕತ್ತರಿಸಬೇಕು. ಅದು ಕೂರುವ ಕುಳಿಯನ್ನು ಕೆತ್ತಬೇಕಾದವರು, ಅವರಿಗಿಂತ ಮೊದಲು ಆ ಬಾಗಿಲಿಗೆ ಕೊನೆಯದಾಗಿ ಸೇರಿದವರು. ಹೊಸಬರು ತುಂಡನ್ನು ಬಾಗಿಲ ಮೇಲಿಟ್ಟು ಬೆರಳಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅದರ ಸುತ್ತ ಚಾಕುವಿನ ಮೊನೆಯಿಂದ ಗೆರೆ ಎಳೆಯಬೇಕು. ಆಮೇಲೆ ಗೆರೆಯ ಒಳಗೆ ಉಳಿಯಿಂದ ಕೆತ್ತಿ, ಅಂಟು ಹಚ್ಚಿ, ತುಂಡನ್ನು ಬಡಿದು ಕೂರಿಸಬೇಕು. ಹೊಸಬರಿಗೆ ಬಾಗಿಲು ಮೂರು ಸಲ ಅವಕಾಶ ಕೊಡುತ್ತದೆ. ಮೂರನೆಯದೂ ಕೆಟ್ಟರೆ ಅಲ್ಲಿಗೆ ಮುಗಿಯಿತು. ಸಂತೆಬೀದಿಯ ಕಿಟಕಿ ಕೆಂಪಣ್ಣ ಇಪ್ಪತ್ತೆರಡು ವರ್ಷದಿಂದ ಹೆಂಡತಿ ಮನೆಗೆ ಏಣಿ ಹಾಕಿಕೊಂಡು ಕಿಟಕಿಯಿಂದಲೇ ಹೋಗಿ ಬರುತ್ತಿದ್ದಾನೆ. ಈಗೀಗ ಅವನಿಗೆ ಮಂಡಿನೋವು ಬೇರೆ.

ನನ್ನಂಥ ಮರಗೆತ್ತನೆಯ ಕಸುಬಿನವರು ಕೈ ಹಾಕಿದರೆ ಬಾಗಿಲು ಒಪ್ಪುವುದಿಲ್ಲ. ಹೇಳಿಕೊಡಬಹುದು, ಅಷ್ಟೆ. ಹಾಗಾಗಿ ಎಣ್ಣೆ ಗಾಣದ ಹಿಂದೆ ಅಪ್ಪ ಕಟ್ಟಿದ ಶೆಡ್ಡಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ತರಗತಿ ನಡೆಸುತ್ತೇನೆ. ನನ್ನ ಹೆಸರು ಪ್ರಭಾವತಿ. ಊರಿಗೆಲ್ಲ ಉಳಿಯಕ್ಕ. ಉಳಿಯಷ್ಟೇ ಚೂಪು ನಾಲಿಗೆ ಎಂದೂ ಹೇಳುತ್ತಾರೆ, ಹೇಳಿಕೊಳ್ಳಲಿ. ಹಲ್ಲಿನ ಡಾಕ್ಟರ್ ಪದ್ಮನಾಭಯ್ಯನಂಥವರು ಬರೀ ಖುಷಿಗೆ ಬರುತ್ತಾರೆ. ತೇಗದ ಡಬ್ಬಿಯ ಮುಚ್ಚಳದಲ್ಲಿ ಬೀಟೆ ಮರದ ನವಿಲು ಕೂರಿಸಿ, ಅದನ್ನು ನೆಂಟರಿಗೆಲ್ಲ ಹಂಚಿ, ಮತ್ತೆ ಬಂದು ಇನ್ನೊಂದು ನವಿಲು ಶುರು ಮಾಡುತ್ತಾರೆ. ಉಳಿದವರು ಬರುವುದು ಬಾಗಿಲಿಗಾಗಿ. ಮಕ್ಕಳಿಗೆ ಚಿಕ್ಕಂದಿನಲ್ಲಿ ಕೂರಿಸಿದ ತುಂಡು ಹದಿಮೂರು ಹದಿನಾಲ್ಕು ತುಂಬುವ ಹೊತ್ತಿಗೆ ಸಡಿಲವಾಗುತ್ತದೆ, ಆಗ ಅವರೂ ಬರುತ್ತಾರೆ. ಹಳೆಯದನ್ನು ಕಿತ್ತು, ಅದೇ ಕ್ರಮದಲ್ಲಿ ಹೊಸದು ಕೂರಿಸಬೇಕು. ಕಿತ್ತ ತುಂಡುಗಳು ಅಂಟು ಕಾಯಿಸುವ ಒಲೆಗೆ ಹೋಗುತ್ತವೆ. ಅಪ್ಪನ ಕಾಲದಿಂದ ನಡೆದು ಬಂದ ರೂಢಿ.

ಟೈಲರ್ ಮರಿಸ್ವಾಮಿ ಬಂದದ್ದು ಬಾಗಿಲಿಗಾಗಿಯೇ. ನಲವತ್ತೆಂಟನೇ ವಯಸ್ಸಿಗೆ ಮದುವೆಯಾದ ಪುಣ್ಯಾತ್ಮ. ಅಂಚೆ ಕಚೇರಿಯ ಚಂದ್ರಕಲಾಳನ್ನು ಕಟ್ಟಿಕೊಂಡು ಅವಳ ಮನೆಗೆ ಹೋಗಿದ್ದ. ಚಂದ್ರಕಲಾಳ ಮೊದಲ ಗಂಡ ನಾಗರಾಜು, ಕರೆಂಟಿನ ಕೆಲಸದವನು, ತೀರಿಕೊಂಡು ಐದು ವರ್ಷವಾಗಿತ್ತು. ಅವನ ತುಂಡು ಬಾಗಿಲಲ್ಲಿ ಈಗಲೂ ಇದೆ, ಹೊನ್ನೆ ಮರದ ಬಲ್ಬು. ಸತ್ತವರ ತುಂಡನ್ನು ನಾವು ಮುಟ್ಟುವುದಿಲ್ಲ. ಅದರ ಪಕ್ಕ ಚಂದ್ರಕಲಾಳ ಕಮಲ. ಕೆಳಗೆ ಮಗಳು ಸಿಂಚನಾಳ ಬಾತುಕೋಳಿ, ಅದೂ ಹೊನ್ನೆಯದೇ, ಕೊಕ್ಕು ಒಂಚೂರು ವಕ್ರ. ಕೊನೆಯದಾಗಿ ಸೇರಿದವಳು ಅವಳೇ ಆದ್ದರಿಂದ, ಮರಿಸ್ವಾಮಿಯ ಕುಳಿ ಕೆತ್ತುವ ಕೆಲಸ ಹದಿಮೂರು ವರ್ಷದ ಆ ಹುಡುಗಿಯ ಪಾಲಿಗೆ ಬಂತು. ಅವಳು ಅವನನ್ನು ಟೈಲರ್ ಅಂಕಲ್ ಎಂದೇ ಕರೆಯುತ್ತಿದ್ದಳು, ಅದೂ ಕರೆಯಲೇಬೇಕಾದಾಗ.

ಎಂಟು ತಿಂಗಳಲ್ಲಿ ಎರಡು ಸಲ ಕೆಟ್ಟಿತ್ತು. ಮೊದಲನೆಯ ಸಲ ಅವನು ನನ್ನನ್ನು ಕೇಳದೆ ಕತ್ತರಿಯ ಆಕಾರ ಆರಿಸಿಕೊಂಡ. ಅಲ್ಲಾ, ಕಸುಬು ಬಲ್ಲವರೇ ಕತ್ತರಿಗೆ ಕೈ ಹಾಕಲು ಹೆದರುತ್ತಾರೆ! ಆದರೂ ಕತ್ತರಿಸಿದ್ದ, ಚೆನ್ನಾಗಿಯೇ ಕತ್ತರಿಸಿದ್ದ. ಕುಳಿ ಮಾತ್ರ ಒಂದು ಕಡೆ ಹಾರಿಹೋಗಿತ್ತು. "ನನ್ನ ಬೆರಳು ಅಲುಗಿಬಿಡ್ತು ಅಕ್ಕ, ಹುಡುಗಿದೇನೂ ತಪ್ಪಿಲ್ಲ" ಅಂದ. ನಾನು ಹೋಗಿ ಬಾಗಿಲು ನೋಡಿದೆ. ಬೆರಳು ಅಲುಗಿದರೆ ಚಾಕುವಿನ ಗೆರೆ ಜೋಡಿಯಾಗುತ್ತದೆ. ಇಲ್ಲಿ ಗೆರೆ ಒಂದೇ, ಚೊಕ್ಕವಾಗಿತ್ತು. ಉಳಿ ಮಾತ್ರ ಗೆರೆ ದಾಟಿ ಅರ್ಧ ಅಂಗುಲ ಆಚೆ ನಡೆದಿತ್ತು. ಉಳಿ ತಾನಾಗಿ ನಡೆಯುವುದಿಲ್ಲ. ನನಗೆ ಗೊತ್ತಾಯಿತು, ಆದರೆ ಅವನು ಹೇಳದ್ದನ್ನು ನಾನು ಯಾಕೆ ಹೇಳಲಿ ಎಂದು ಸುಮ್ಮನಾದೆ.

ಎರಡನೆಯ ಸಲ ಕೆಟ್ಟದ್ದು ಅವನಿಂದಲೇ. ದಾರದ ಉಂಡೆಯ ಆಕಾರ. ಗೆರೆ ಸರಿ, ಕುಳಿ ಸರಿ. ಆದರೆ ಟೈಲರನ ಚಟ ನೋಡಿ, ಅಂಗಿ ಹೊಲಿದು ಮುಗಿಸಿದ ಮೇಲೆ ದಾರದ ತುದಿಗಳನ್ನು ಕತ್ತರಿಸಿ, ಇಸ್ತ್ರಿ ಹಾಕದೆ ಕೈ ಬಿಡುವವನಲ್ಲ. ಗೆರೆ ಎಳೆದಾದ ಮೇಲೆ, ಯಾರೂ ಹೇಳದೆ, ತುಂಡಿನ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿಬಿಟ್ಟ. ಸುತ್ತ ಸಂದು ಬಿತ್ತು. ಆಗ ಪದ್ಮನಾಭಯ್ಯ, "ಅಯ್ಯೋ, ಇಷ್ಟೇ ತಾನೆ? ಸಂದು ಅಂದ್ರೆ ತುಂಬಬೇಕು ಕಣ್ರೀ, ನಾನು ದಿನಾ ಮಾಡೋದು ಅದನ್ನೇ" ಎಂದು ಧೈರ್ಯ ಕೊಟ್ಟರು. ಮರದ ಪುಡಿಗೆ ಅಂಟು ಕಲಸಿ ಮೆತ್ತಿದರು. ಬಾಗಿಲು ಒಂಬತ್ತು ದಿನ ತೆರೆಯಿತು. ಮರಿಸ್ವಾಮಿ ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಹತ್ತನೇ ದಿನ ಮಧ್ಯಾಹ್ನ ಅಂಗೈ ಇಟ್ಟ, ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಮೆತ್ತಿದ ಪುಡಿಯೆಲ್ಲ ಹೊಸ್ತಿಲ ಮೇಲೆ ಉದುರಿತ್ತು. ಡಾಕ್ಟರು ಮೂರು ವಾರ ನನ್ನ ಶೆಡ್ಡಿನ ಕಡೆ ಮುಖ ಹಾಕಲಿಲ್ಲ.

ಅಂದಿನಿಂದ ಮತ್ತೆ ಹಳೆಯ ಪಾಡು. ಚಂದ್ರಕಲಾ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಹುಡುಗಿ ಶಾಲೆಯಿಂದ ಬರುವುದು ನಾಲ್ಕೂವರೆಗೆ. ಮರಿಸ್ವಾಮಿ ಎರಡು ಗಂಟೆಗೆ ಅಂಗಡಿ ಮುಚ್ಚಿ ಊಟಕ್ಕೆ ಬಂದರೆ ಜಗಲಿಯ ಮೇಲೆ ಕ್ಯಾರಿಯರ್ ಇರುತ್ತಿತ್ತು, ಪಕ್ಕದಲ್ಲಿ ಒಂದು ಚೊಂಬು ನೀರು. ಹೋಗಿಬರುವವರ ಎದುರಿಗೆ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದ. "ಊಟಾನಾ ಮರಿಸ್ವಾಮಿ?" ಎಂದು ಜನ ಕೇಳುವರು. "ಹೂಂ, ಬನ್ನಿ" ಎನ್ನುವನು. ಎಲ್ಲಿಗೆ ಬರುವುದು? ಒಳಗೆ ಕರೆಯಲು ಅವನಿಗೇ ‘ಒಳಗೆ’ ಎಂಬುದಿಲ್ಲ.

ಉಳಿದಿದ್ದು ಒಂದೇ ಅವಕಾಶ. ಸುಗ್ಗಿ ಕಳೆದು ಹೊಸ ತರಗತಿ ಶುರುವಾದಾಗ ನಾನೇ ಅವನ ಅಂಗಡಿಗೆ ಹೋಗಿ, ಹುಡುಗಿಯನ್ನೂ ಕರೆದುಕೊಂಡು ಬರಬೇಕೆಂದು ತಾಕೀತು ಮಾಡಿದೆ. ಇಬ್ಬರೂ ಬಂದರು. ಒಂದೇ ಬೆಂಚಿನ ಎರಡು ತುದಿಗೆ ಕೂತರು.

ಆರು ಭಾನುವಾರ ಹಳೆಯ ಹಲಗೆಗಳ ಮೇಲೆ ಅಭ್ಯಾಸ ಮಾಡಿಸಿದೆ. ಈ ಸಲ ಸೀರೆಯಂಚಿನ ಮಾವಿನಕಾಯಿ ಆಕಾರ, ಅಂಗೈಯಷ್ಟು ದೊಡ್ಡದು. ಹಿಂದಿನ ಎರಡು ಕುಳಿಗಳನ್ನೂ ಮುಚ್ಚಬೇಕಲ್ಲ. ಮರಿಸ್ವಾಮಿಗೆ ನಾನು ಹೇಳಿದ್ದು ಒಂದೇ, ಗೆರೆ ಎಳೆದ ಮೇಲೆ ತುಂಡನ್ನು ಮುಟ್ಟಬಾರದು. ಅವನ ಇನ್ನೊಂದು ಚಟವನ್ನೂ ಬಿಡಿಸಬೇಕಿತ್ತು. ಮೂವತ್ತು ವರ್ಷ ಶಾಲೆಯ ಯೂನಿಫಾರಂ ಹೊಲಿದವನು, ಏನು ಕತ್ತರಿಸಿದರೂ ಎರಡು ಬೆರಳು ಹೆಚ್ಚು ಬಿಡುವನು.

"ಅದ್ಯಾಕೆ ಸುತ್ತ ಅಷ್ಟು ಹೆಚ್ಚು ಬಿಟ್ಟಿದ್ದೀರಿ?" ಅಂದೆ.

"ಇರಲಿ ಅಂತ ಅಕ್ಕ. ಮಕ್ಕಳು ಬೆಳೀತಾವೆ, ಒಳಗಡೆ ಬಟ್ಟೆ ಇದ್ರೆ ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಬಹುದು."

"ಇದು ಮರ ಮಾರಾಯರೇ. ಬಿಚ್ಚೋಕೆ ಇದಕ್ಕೆ ಹೊಲಿಗೆ ಇದೆಯಾ?"

ಎಲ್ಲರೂ ನಕ್ಕರು. ಬೆಂಚಿನ ಆ ತುದಿಯಲ್ಲಿ ಸಿಂಚನಾ ಕೂಡ ನಕ್ಕಂತೆ ಕಂಡಿತು, ಕೂಡಲೇ ಬಾಯಿ ಬಿಗಿ ಹಿಡಿದಳು. ಹುಡುಗಿಯ ಕೈ ಮಾತ್ರ ಬಂಗಾರ. ಉಳಿ ಹಿಡಿದರೆ ಗೆರೆಯ ಮೇಲೆ ನೊಣ ಕೂತ ಹಾಗೆ ಕೂರುತ್ತಿತ್ತು. ಇಂಥ ಕೈಯಿಂದ ಮೊದಲ ಸಲ ಉಳಿ ಜಾರಿತು ಎಂದರೆ ನಂಬುವವರು ಯಾರು?

ನಾಲ್ಕನೇ ಭಾನುವಾರ ನನಗೆ ತಡೆಯಲಾಗಲಿಲ್ಲ. ಅವಳು ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಮರಿಸ್ವಾಮಿ ಸೀನಿದ. ನಾನು ಬೇಕೆಂದೇ ಜೋರು ಮಾಡಿದೆ. "ಅಲ್ಲಾ ಮರಿಸ್ವಾಮಿ, ನಿಮ್ಮ ಬೆರಳು ಅಲುಗಿದ್ದಕ್ಕೇ ತಾನೆ ಮೊದಲನೇ ಸಲ ಕೆಟ್ಟಿದ್ದು? ಊರಿಗೆಲ್ಲ ನೀವೇ ಹೇಳಿಕೊಂಡು ಬಂದಿರಿ. ಬುದ್ಧಿ ಬೇಡವಾ ನಿಮಗೆ?"

ಮರಿಸ್ವಾಮಿ ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ಹೌದಕ್ಕ, ನನ್ನದೇ ತಪ್ಪು. ಇನ್ಮೇಲೆ ಅಲುಗಿಸಲ್ಲ" ಅಂದ. ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಸಿಂಚನಾ ಚಾಕುವನ್ನು ಕೆಳಗಿಟ್ಟು ಅವನ ಬೆರಳನ್ನೇ ನೋಡಿದಳು. ಆಮೇಲೆ ತಾನಾಗಿ ಬೆಂಚಿನ ಮೇಲೆ ಒಂದು ಮೊಳ ಈಚೆಗೆ ಸರಿದು ಕೂತಳು.

ಏಳನೇ ಭಾನುವಾರ ಮನೆಯ ಮುಂದೆ ಸೇರಿದೆವು. ಪದ್ಮನಾಭಯ್ಯ ಪ್ರಾಯಶ್ಚಿತ್ತಕ್ಕೆಂದು ತಮ್ಮ ಆಸ್ಪತ್ರೆಯ ದೀಪವನ್ನೇ ಹೊತ್ತು ತಂದಿದ್ದರು. ಚಂದ್ರಕಲಾ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. "ನಾನು ನೋಡಲ್ಲಪ್ಪ. ಕೆಟ್ಟರೆ ನಾನೂ ಇನ್ಮೇಲೆ ಜಗಲೀಲೇ ಉಣ್ತೀನಿ" ಅಂದಳು. ಒಳಗಿನಿಂದ ನೀರು ತರಲು ಸಿಂಚನಾ ಓಡಿದಳು, ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಹೋದಳು. ವಯಸ್ಸಿನ ಬಿರುಸು ಎಂದುಕೊಂಡೆ. ಕಸುಬಿನವಳು ಎಂದು ಹೇಳಿಕೊಳ್ಳುವ ನನ್ನ ಕಣ್ಣಿಗೆ ಏನಾಗಿತ್ತೋ.

ಮರಿಸ್ವಾಮಿ ಮಾವಿನಕಾಯಿಯನ್ನು ಬಾಗಿಲ ಮೇಲಿಟ್ಟು ಐದೂ ಬೆರಳಲ್ಲಿ ಒತ್ತಿ ಹಿಡಿದ. ಹುಡುಗಿ ಚಾಕುವಿನ ಮೊನೆ ಊರಿದಳು. ಮೇಲಿನ ತಿರುವಿನ ಹತ್ತಿರ ಅವನ ಹೆಬ್ಬೆರಳು ಅಂಚಿನಾಚೆಗೆ ಒಂದಿಷ್ಟು ಚಾಚಿಕೊಂಡಿತ್ತು. ಅದನ್ನು ತೆಗೆದರೆ ತುಂಡು ಜಾರುತ್ತದೆ, ತೆಗೆಯದಿದ್ದರೆ ಚಾಕು ತಗಲುತ್ತದೆ. ಅವಳು ನಿಂತಳು.

"ಟೈಲರ್ ಅಂಕಲ್, ತಗಲುತ್ತೆ."

"ತಗಲಲಿ ಬಿಡಮ್ಮ. ಸೂಜಿ ಚುಚ್ಚಿ ಚುಚ್ಚಿ ಆ ಬೆರಳಿಗೆ ಭಯಾನೇ ಇಲ್ಲ. ನೀನು ಎಳಿ."

ಅವಳು ಎಳೆದಳು. ರಕ್ತ ಒಂದು ಹನಿ ಬಂತು. ಬೆರಳು ಅಲುಗಲಿಲ್ಲ. ಗೆರೆ ಪೂರ್ತಿಯಾಯಿತು, ಒಂದೇ ಗೆರೆ. ಮರಿಸ್ವಾಮಿ ತುಂಡನ್ನು ನನ್ನ ಕೈಗೆ ಕೊಟ್ಟು, ತಿಕ್ಕುವ ಚಟ ತಡೆಯಲೆಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಸಿಂಚನಾ ಮೂರು ಗಂಟೆ ಕೆತ್ತಿದಳು. ಅಂಟು ಹಚ್ಚಿ, ಮೇಲೊಂದು ಹಲಗೆ ಇಟ್ಟು, ಮರದ ಸುತ್ತಿಗೆಯಿಂದ ಇಬ್ಬರೂ ಸರದಿಯ ಮೇಲೆ ಬಡಿದರು. ತುಂಡು ಕುಳಿಯೊಳಗೆ ಇಳಿಯುವಾಗ ಒಂದು ಗಟ್ಟಿ ಸದ್ದು ಬರುತ್ತದೆ, ಅದು ಬಂತು. ಉಗುರು ಆಡಿಸಿ ನೋಡಿದೆ. ಎಲ್ಲಿಯೂ ಸಂದು ಸಿಗಲಿಲ್ಲ.

ಅಂಟು ಒಣಗಲು ಮಾರನೇ ದಿನದವರೆಗೆ ಕಾಯಬೇಕು. ಸೋಮವಾರ ಮಧ್ಯಾಹ್ನ ಎರಡಕ್ಕೆ ನಾನು ಏನೋ ಕೆಲಸವಿದ್ದವಳ ಹಾಗೆ ಆ ಬೀದಿಗೆ ಹೋದೆ. ಮರಿಸ್ವಾಮಿ ಬಂದ. ಜಗಲಿಯ ಮೇಲೆ ಆ ದಿನ ಚಂದ್ರಕಲಾ ಕ್ಯಾರಿಯರ್ ಇಟ್ಟಿರಲಿಲ್ಲ, ಅಷ್ಟು ಧೈರ್ಯ ಅವಳಿಗೆ. ಅವನು ಚಪ್ಪಲಿ ಬಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಬಾಗಿಲ ಮೇಲೆ ಇಟ್ಟ. ಬಾಗಿಲು ತೆರೆಯಿತು. ಒಳಗೆ ಹೋದವನು ಮತ್ತೆ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಇನ್ನೊಮ್ಮೆ ಅಂಗೈ ಇಟ್ಟ. ಮತ್ತೆ ತೆರೆಯಿತು. ನನ್ನನ್ನು ಕಂಡು, "ಅಕ್ಕಾ, ಊಟಕ್ಕೆ ಬನ್ನಿ" ಅಂದ. ಹೋಗಿ ಉಂಡೆ. ಹುರುಳಿಕಾಳು ಸಾರು. ಇಬ್ಬರೂ ಒಳಗೇ ಕೂತು ಉಂಡೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಹೇಳುತ್ತಿರಲಿಲ್ಲ. ಊಟವಾದ ಮೇಲೆ ಮರಿಸ್ವಾಮಿ ಅಂಗಡಿಗೆ ಹೋಗಲೇ ಇಲ್ಲ. ಮನೆಯಲ್ಲಿ ಇರುವ ಸುಖಕ್ಕೆ ಇದ್ದ, ಒಂದು ಕಿಟಕಿ ಪರದೆ ಬಿಚ್ಚಿ ಅಂಚು ಹೊಲಿಯುತ್ತ ಕೂತ. ನಾನೂ ಮಾತಾಡುತ್ತ ಉಳಿದೆ. ನಾಲ್ಕೂವರೆ ದಾಟಿ ಐದಾಯಿತು. ಹುಡುಗಿ ಇನ್ನೂ ಯಾಕೆ ಬರಲಿಲ್ಲ ಎಂದು ಅವನು ಬಾಗಿಲು ತೆರೆದರೆ, ಅವಳು ಜಗಲಿಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದಳು.

"ಬಾಗಿಲು ಬಡಿಯಬಾರದಾ ಮಗಾ?" ಅಂದ.

ನಾನು ಬಾಗಿಲು ನೋಡಿದೆ. ಬಾತುಕೋಳಿಯ ಸುತ್ತ ಕೂದಲು ತೂರುವಷ್ಟು ಸಂದು. ನಿನ್ನೆಯ ಬಡಿತಕ್ಕೆ ಪೂರ್ತಿ ಸಡಿಲವಾಗಿತ್ತು. ಮೊದಲೇ ಅರೆ ಸಡಿಲವಾಗಿತ್ತು, ಅಷ್ಟಕ್ಕಾದರೆ ಬಾಗಿಲು ಭುಜಕ್ಕೆ ಮಣಿಯುತ್ತದೆ, ಹಾಗೆ ಭುಜ ಕೊಟ್ಟು ಕೊಟ್ಟು ಮುಚ್ಚಿಟ್ಟಿದ್ದಳು ಅಷ್ಟೆ. ಎಷ್ಟು ದಿನದಿಂದ ಎಂದು ಕೇಳಿದೆ.

"ಹೋದ ವರ್ಷದಿಂದ" ಅಂದಳು.

"ಹೇಳೋಕೇನಾಗಿತ್ತು? ಆಗಲೇ ಹೇಳಿದ್ದರೆ ನಿಮ್ಮಮ್ಮ ಕುಳಿ ಕೆತ್ತಿಕೊಡ್ತಿದ್ದಳು. ಈಗ ಕೊನೆಗೆ ಸೇರಿದವರು ಇವರು. ಇವರೇ ಕೆತ್ತಬೇಕು."

ಅಷ್ಟು ಹೇಳಿದ್ದೇ ತಡ, ಹುಡುಗಿ ಅಳಲು ಶುರು ಮಾಡಿದಳು. ಅಳುತ್ತಲೇ ಮರಿಸ್ವಾಮಿಯನ್ನು ನೋಡಿ ಹೇಳಿದಳು, "ಮೊದಲನೇ ಸಲ ನಿಮ್ಮ ಬೆರಳು ಅಲುಗಲಿಲ್ಲ. ನಾನೇ ಬೇಕಂತ ಉಳಿ ಹಾರಿಸಿದೆ. ನೀವು ಸೇರಿಬಿಟ್ರೆ ನನ್ನದನ್ನ ನೀವೇ ಕಿತ್ತುಹಾಕ್ತೀರಾ ಅಂತ. ಅದು ನಾನೂ ಅಪ್ಪನೂ ಕತ್ತರಿಸಿದ್ದು. ನನ್ನ ಕೈ ಮೇಲೆ ಅಪ್ಪ ಕೈ ಇಟ್ಟು ಕತ್ತರಿಸಿದ್ದು. ಕಿತ್ತರೆ ಇವರು ಒಲೆಗೆ ಹಾಕ್ತಾರೆ."

'ಇವರು' ಎಂದರೆ ನಾನು.

ಮರಿಸ್ವಾಮಿ ಅವಳ ಪಕ್ಕ ಜಗಲಿಯ ಮೇಲೆ ಕೂತ. ಅಷ್ಟು ತಿಂಗಳೂ ಅವನು ಉಂಡ ಜಾಗವೇ ಅದು. "ಬೇಕಂತ ಮಾಡಿದ್ದು ಅಂತ ನನಗೆ ಅವತ್ತೇ ಗೊತ್ತಿತ್ತು ಕಣಮ್ಮ" ಅಂದ. "ಮೂವತ್ತು ವರ್ಷ ಕತ್ತರಿ ಹಿಡಿದಿದ್ದೀನಿ. ಜಾರಿದ್ದು ಯಾವುದು, ಜಾರಿಸಿದ್ದು ಯಾವುದು ಅಂತ ಗೊತ್ತಾಗಲ್ವಾ?"

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಿದ್ರೆ ನೀನು ಬೈಸ್ಕೋತಿದ್ದೆ. ನನಗೆ ಬಾಗಿಲೇನು ತೆರೀತಿತ್ತಾ?"

ಅವನು ಎದ್ದು ಬಾತುಕೋಳಿಯನ್ನು ಬೆರಳಿನಿಂದ ಸವರಿ ನೋಡಿದ. ಲಂಗ ಗಿಡ್ಡವಾಯಿತೆಂದು ಯಾರೋ ತಂದುಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನಲ್ಲ, ಹಾಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕ, ಇದನ್ನ ಯಾಕೆ ಬಿಸಾಕಬೇಕು? ಚಿಕ್ಕದಾಗಿದೆ ಅಷ್ಟೆ ತಾನೆ. ಸುತ್ತ ಅಂಚು ಹಚ್ಚಿದ್ರೆ?"

"ಏನಂದ್ರಿ?"

"ಹೊಸ ಮರದಲ್ಲಿ ದೊಡ್ಡದೊಂದು ತುಂಡು ಕತ್ತರಿಸಲಿ. ಅದರ ನಡುವೆ ಈ ಬಾತುಕೋಳೀನ ಅವಳೇ ಕೂರಿಸಲಿ. ಎರಡೂ ಸೇರಿ ಬಾಗಿಲಿಗೆ. ಹಳೇ ಲಂಗಕ್ಕೆ ಅಂಚು ಹಚ್ಚಿ ಉದ್ದ ಮಾಡಲ್ವಾ, ಹಾಗೆ."

ಆಗಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗೆ ಯಾರೂ ಮಾಡಿಲ್ಲ, ಬಾಗಿಲು ಒಪ್ಪುತ್ತದೋ ಇಲ್ಲವೋ, ಅಪ್ಪನ ಕಾಲದಿಂದಲೂ ಹೀಗೇ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಹುಡುಗಿ ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಬೀಟೆ ತಗೊಳ್ಳಿ. ಹೊನ್ನೆ ಜೊತೆ ಒಪ್ಪುತ್ತೆ" ಅಂದೆ.

ಮೂರು ಭಾನುವಾರ ಹಿಡಿಯಿತು. ಬೀಟೆ ಮರದ ಮೊಟ್ಟೆಯಾಕಾರ, ನಡುವೆ ವಕ್ರ ಕೊಕ್ಕಿನ ಬಾತುಕೋಳಿ. ಆ ಮೂರು ವಾರವೂ ಮರಿಸ್ವಾಮಿ ನಾಲ್ಕೂವರೆಗೆ ಸರಿಯಾಗಿ ಅಂಗಡಿ ಮುಚ್ಚಿ ಮನೆಗೆ ಬಂದು ಹುಡುಗಿಗೆ ಬಾಗಿಲು ತೆರೆದ. ಗೆರೆ ಎಳೆಯುವ ದಿನ ಚಾಕು ಅವನ ಕೈಯಲ್ಲಿ, ಬೆರಳು ಅವಳದು. ಅವನು ಮೊನೆ ಊರಿದ, ಎತ್ತಿದ, ಮತ್ತೆ ಊರಿದ.

"ಟೈಲರ್ ಅಂಕಲ್, ಹೆದರಬೇಡಿ. ತಗಲಿದ್ರೆ ತಗಲಲಿ" ಅಂದಳು ಸಿಂಚನಾ.

"ಬೆರಳು ಒಳಗೆ ಮಡಚ್ಕೋ ಮಗಾ. ನಿನಗೆ ತಗಲಿಸೋಕೆ ನನ್ನ ಕೈಲಾಗಲ್ಲ."

ತಗಲಲಿಲ್ಲ. ಮರುದಿನ ಶಾಲೆಯಿಂದ ಬಂದು ಅವಳು ಅಂಗೈ ಇಟ್ಟಾಗ ಬಾಗಿಲು ತೆರೆಯಿತು. ಭುಜ ಬೇಕಾಗಲಿಲ್ಲ.

ಈಗ ನನ್ನ ತರಗತಿಗೆ ಮಕ್ಕಳು ಹಳೆಯ ತುಂಡು ಹಿಡಿದುಕೊಂಡೇ ಬರುತ್ತಾರೆ, ಅಂಚು ಹಚ್ಚುವುದು ಹೇಗೆಂದು ಕೇಳುತ್ತಾರೆ. ಅದಕ್ಕೆ ಮಾತ್ರ ಮರಿಸ್ವಾಮಿಯನ್ನು ಕರೆಸುತ್ತೇನೆ. ಎಷ್ಟು ಅಗಲ ಬಿಡಬೇಕೆಂದು ಅವನು ಬೆರಳಿನಲ್ಲಿ ಅಳೆದು ಹೇಳುತ್ತಾನೆ. ಅಂಟಿನ ಒಲೆಗೆ ಸೌದೆ ಕೊಂಡು ತರುತ್ತೇನೆ. ಅದರ ಮುಂದೆ ಕೂತಾಗ ಒಂದೊಂದು ಸಲ ನನ್ನ ತುಂಡಿನ ಯೋಚನೆ ಬರುತ್ತದೆ. ನನಗೂ ಅಪ್ಪ ಕೈ ಮೇಲೆ ಕೈ ಇಟ್ಟೇ ಕತ್ತರಿಸಿಕೊಟ್ಟಿದ್ದು. ಹದಿಮೂರಕ್ಕೆ ಅದು ಸಡಿಲವಾದಾಗ ಅಪ್ಪನೇ ಕಿತ್ತು, ನನ್ನ ಕೈಗೇ ಕೊಟ್ಟು, ಒಲೆಗೆ ಹಾಕು ಅಂದರು. ನಾನೇ ಹಾಕಿದೆ. ಅದು ಗಿಳಿಯಾಗಿತ್ತೋ ಎಲೆಯಾಗಿತ್ತೋ, ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ.